ಒಂದರಿಂದ ಹತ್ತರೊಳಗೆ

ಆ ಆಸ್ಪತ್ರೆಯ ನಾಲ್ಕನೇ ಮಹಡಿಗೆ ಲಿಫ್ಟು ಬರುವುದೆಂದರೆ ತಪಸ್ಸಿಗೆ ದೇವರು ಒಲಿದಂತೆ. ಅಜ್ಜಿಯ ಎಕ್ಸ್‌ರೇ ಹಿಡಿದು ನಿಂತಿದ್ದ ಮೊಮ್ಮಗಳ ಮುಂದೆ ಇಬ್ಬರು ಆಪ್ತಸಮಾಲೋಚಕಿಯರಿದ್ದರು: ಒಬ್ಬರು ಹಿರಿಯರು, ಇನ್ನೊಬ್ಬಳು ಅವರ ಕೈಕೆಳಗಿನ ಕಿರಿಯಳು. ಮೊಮ್ಮಗಳ ಕಿವಿ ತಾನಾಗಿ ಅತ್ತ ಹೊರಳಿತು.

“ನನ್ನ ಹತ್ರ ಬರ್ತಾಳಲ್ಲ ಆ ಹುಡುಗಿ, ಮನೇಲಿ ತನಗಾಗಿದ್ದನ್ನೆಲ್ಲಾ ಇವತ್ತು ಹೇಳಿದ್ಳು, ಮೇಡಂ.”

“ಕೇಳಿ ನಿನಗೇನನ್ನಿಸ್ತು?”

“ಹಸಿವಾಯ್ತು.”

“ಅಷ್ಟೇನಾ?”

“ಅಷ್ಟೇ. ನಿನ್ನೆ ನನ್ನ ಮಗಳು ಬಿದ್ದು, ಮಂಡಿ ತರಚಿಕೊಂಡು ಅಳ್ತಾ ಬಂದ್ಳು. ಇಲ್ಲಿ ಬರೋರನ್ನ ಕೇಳೋ ಹಾಗೇ ‘ಒಂದರಿಂದ ಹತ್ತರೊಳಗೆ ನೋವು ಎಷ್ಟಿದೆ?’ ಅಂತ ಕೇಳ್ದೆ.”

ಹಿರಿಯರು ನಗಲು ಹೋಗಿ ನಿಲ್ಲಿಸಿದರು. “ಅಯ್ಯೋ ತಾಯಿ! ಮಗು ಏನಂತು?”

“ಆರು ಅಂತು. ನಾನು ಬರ್ಕೊಳ್ಳೋಕೆ ಪೆನ್ನು ಹುಡುಕಿದೆ.”

ಹಿರಿಯರು ಕಿರಿಯಳ ಕೈಲಿದ್ದ ಫೈಲುಗಳನ್ನು ತಾವೇ ತೆಗೆದುಕೊಂಡರು.

“ನಾಳೆಯಿಂದ ಹದಿನೈದು ದಿನ ನೀನು ಯಾರ ಕಷ್ಟಾನೂ ಕೇಳಬೇಡ. ನಿನ್ನ ಕೇಸೆಲ್ಲಾ ನನಗಿರಲಿ.”

“ಏಳು ವಾರ ಆದ್ಮೇಲೆ ಬಾಯಿಬಿಟ್ಟಿದ್ದಾಳೆ, ಮೇಡಂ. ಈಗ ನಾನು ಕೈಬಿಟ್ರೆ ಮತ್ತೆ ಮುಚ್ಕೋತಾಳೆ.”

“ಇಬ್ಬರೂ ಜೊತೇಲಿ ಕೂತು ಅವಳಿಗೆ ಹೇಳೋಣ. ಈಗ ಮನೆಗೆ ಹೋಗಿ ನಿನ್ನ ಮಗೂನ ಎತ್ಕೋ.”

“ಏನೂ ಅನ್ನಿಸದಿದ್ರೆ?”

“ಅನ್ನಿಸದಿದ್ರೂ ಎತ್ಕೋ. ಅವಳಿಗೆ ಅನ್ಸುತ್ತೆ.”

ಲಿಫ್ಟು ಬಂತು. ಇಬ್ಬರೂ ಒಳಹೊಕ್ಕರು. ಕೆಳಗೆ ಹೋಗಬೇಕಿದ್ದ ಮೊಮ್ಮಗಳು ಮಾತ್ರ ನಿಂತಲ್ಲೇ ನಿಂತಳು. ಅಜ್ಜಿಯ ಎಕ್ಸ್‌ರೇ ಕೈಯಲ್ಲಿತ್ತು; ಬೆಳಗಿನಿಂದ ಅಜ್ಜಿಯ ಕೈಯನ್ನು ಮಾತ್ರ ಅವಳು ಒಮ್ಮೆಯೂ ಹಿಡಿದಿರಲಿಲ್ಲ.