ಭಾವನವರ ಉಸಿರನ್ನು ಜಪ್ತಿ ಮಾಡುವ ಬಗ್ಗೆ

ಹೆಸರು: ದಾಖಲೆಯಲ್ಲಿರುವುದು ಬೇರೆ, ಜನ ಕರೆಯುವುದು ಗೊರಕೆ ಮಾವ. ವಯಸ್ಸು: ಐವತ್ತೆಂಟು. ವಿದ್ಯಾಭ್ಯಾಸ: ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ, ಅದೂ ಮೊದಲನೇ ದರ್ಜೆಯಲ್ಲಿ. ಉದ್ಯೋಗ: ಡಬ್ಬಿಂಗ್ ಸ್ಟುಡಿಯೋದಲ್ಲಿ ಉಸಿರಿನ ಕೆಲಸ. ವಾಸ: ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ.

ಈ ದಿನ ನನ್ನನ್ನು ಠಾಣೆಗೆ ಕರೆತಂದು ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ, ಮೈಕಿನ ಮೇಲೆ ಉಗಿದದ್ದು ನಿಜ. ಕಾರಣ ಕೆಳಗಿದೆ.

ಉಸಿರಿನ ಕೆಲಸ ಎಂದರೇನೆಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಸಾಹೇಬರು ಕೇಳಿದರು. ಹೊರದೇಶದ ಚಿತ್ರಗಳು ನಮ್ಮ ಸ್ಟುಡಿಯೋಗೆ ಬಂದು ನಮ್ಮ ಮಾತು ಕಲಿಯುತ್ತವೆ. ಮಾತನ್ನೆಲ್ಲ ಕನ್ನಡದಲ್ಲಿ ಬರೆದುಕೊಡುವವರು ಉಸಿರನ್ನು ಮಾತ್ರ ಇಂಗ್ಲಿಷಿನಲ್ಲೇ ಬಿಟ್ಟಿರುತ್ತಾರೆ. ಹಾಳೆಯಲ್ಲಿ ಸೈ ಎಂದಿದ್ದರೆ ನಿಟ್ಟುಸಿರು ಬಿಡಬೇಕು. ಪ್ಯಾಂಟ್ ಎಂದಿದ್ದರೆ ಓಡಿಬಂದವರಂತೆ ಏದುಸಿರು. ಹೊಸಬನೊಬ್ಬ ಗಾಬರಿಯಿಂದ ತನ್ನ ಪ್ಯಾಂಟನ್ನು ನೋಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಸ್ನಾರ್ಟ್ ಎಂದರೆ ಎಮ್ಮೆಯ ಹಾಗೆ ಮೂಗಿನಲ್ಲಿ ಬುಸ್ಸೆನ್ನುವುದು. ವೀಜ್ ಎಂದರೆ ಉಬ್ಬಸದವರ ಎದೆಯೊಳಗಿನ ಸೀಟಿ. ಗ್ಯಾಸ್ಪ್ ಎಂದರೆ ದಡಕ್ಕೆ ಬಿದ್ದ ಮೀನಿನ ಹಾಗೆ ಗಾಳಿಗಾಗಿ ಬಾಯಿ ಬಿಡುವುದು. ಗೊರಕೆಯಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ, ಹುಟ್ಟಿದ್ದರೂ ಇನ್ನೂ ಮಲಗಿಲ್ಲ. ಇದನ್ನು ಬರೆಯುವುದು ಬೇಡವೆಂದು ರೈಟರ್ ಹೇಳಿದರು. ಬರೆಯಲೇಬೇಕೆಂದು ನಾನು ಕೋರಿದೆ.

ವೀಜ್ ಮತ್ತು ಗ್ಯಾಸ್ಪ್ ನಮ್ಮ ಭಾವನವರ ಪಾಲು. ಅವರು ನನ್ನ ಅಕ್ಕನ ಗಂಡ, ಅರವತ್ತಾರು ವರ್ಷ. ಮೊದಲು ನಾಟಕದಲ್ಲಿದ್ದವರು, ಆದ್ದರಿಂದ ಮೈಕಿನ ಮುಂದೆಯೂ ಕೈ ಬೀಸದೆ ಅವರಿಗೆ ಉಸಿರು ಬರುವುದಿಲ್ಲ.

ಮಾತು ಮುಗಿದ ಮೇಲೆ ಉಸಿರನ್ನೆಲ್ಲ ಒಂದೇ ಓಟದಲ್ಲಿ ತೆಗೆಯುವುದು ನಮ್ಮಲ್ಲಿನ ಪದ್ಧತಿ. ಕೆಂಪು ದೀಪ ಹತ್ತಿದರೆ ಮೈಕಿನ ಕೋಣೆಯ ಬಾಗಿಲನ್ನು ಯಾರೂ ತೆಗೆಯಬಾರದು, ಒಳಗಿನವರು ಮಾತಾಡಬಾರದು. ಗಾಜಿನ ಈಚೆ ಕುಳಿತ ಸೌಂಡ್ ಇಂಜಿನಿಯರ್ ಹೆಡ್‌ಫೋನಿನಲ್ಲಿ ಅವರ ಕಿವಿಯೊಳಗೆ ಇಂಗ್ಲಿಷ್ ಪದ ಹೇಳುತ್ತಾನೆ, ಒಳಗಿನವರು ಅದನ್ನು ಮಾಡುತ್ತಾರೆ. ನಿಲ್ಲಿಸಬೇಕೆಂದರೆ ಕೈ ಎತ್ತಬೇಕು.

ಒಂಬತ್ತನೇ ತಾರೀಕು ಶುಕ್ರವಾರ ಬೆಳಿಗ್ಗೆ 11.20ಕ್ಕೆ ದೀಪ ಹತ್ತಿತು. ಗಣಿ ಕುಸಿದು ಸಿಕ್ಕಿಕೊಂಡ ಮುದುಕನ ಪಾತ್ರ. ನನ್ನ ಸರದಿಗೆ ಕಾಯುತ್ತ ನಾನು ಇಂಜಿನಿಯರ್ ಪಕ್ಕದ ಸ್ಟೂಲಿನ ಮೇಲಿದ್ದೆ. ವೀಜ್ ಎಂದಾಗ ಭಾವ ವೀಜ್ ಕೊಟ್ಟರು. ಮುಂದಿನ ಪದ ಹೇಳಿದ ಮೇಲೂ ಅದು ನಿಲ್ಲಲಿಲ್ಲ. ಭಾವ ಕೈ ಎತ್ತಿದರು. ಎರಡೂ ಕೈ ಎತ್ತಿದರು. ನೋಡಿ ಮಾವ, ನಿಮ್ಮ ಭಾವ ಇವತ್ತು ಪಾತ್ರದೊಳಗೇ ಇಳಿದುಬಿಟ್ರು ಎಂದು ಇಂಜಿನಿಯರ್ ನಕ್ಕನು. ಭಾವನ ಕನ್ನಡಕ ಕೆಳಗೆ ಬಿತ್ತು. ಅವರು ಅದರ ಮೇಲೆಯೇ ಕಾಲಿಟ್ಟರು. ಸ್ನಾನಕ್ಕೆ ಹೋಗುವಾಗಲೂ ಕನ್ನಡಕವನ್ನು ಬಟ್ಟೆಯಲ್ಲಿ ಸುತ್ತಿಡುವ ಮನುಷ್ಯ. ಇದು ನಟನೆಯಲ್ಲ, ಬಾಗಿಲು ತೆಗಿಯೋ ಎಂದೆ. ಶ್, ಬರ್ತಾ ಇದೆ ಮಾವ, ಬರ್ತಾ ಇದೆ, ಹಾಳು ಮಾಡ್ಬೇಡಿ ಎಂದು ಅವನು ನನ್ನ ಅಂಗಿ ಹಿಡಿದನು. ಹಿಡಿದ ಕೈ ಬಿಡದೆ ಇನ್ನೊಂದು ಕೈಯಿಂದ ಗುಂಡಿ ಒತ್ತಿ, ಸೂಪರ್ ಸಾರ್, ಹಾಗೇ ಗ್ಯಾಸ್ಪ್‌ಗೆ ಬನ್ನಿ ಎಂದು ಭಾವನ ಕಿವಿಗೆ ಹೇಳಿದನು. ಭಾವ ಗ್ಯಾಸ್ಪ್‌ಗೆ ಬಂದರು.

ನಾನು ಅವನನ್ನು ಕುರ್ಚಿ ಸಮೇತ ಉರುಳಿಸಿ ಬಾಗಿಲು ತೆಗೆದೆ. ಭಾವನ ತುಟಿ ಸೀಮೆಸುಣ್ಣದ ಮೇಲೆ ನೀಲಿ ಶಾಯಿ ಚೆಲ್ಲಿದಂತಿತ್ತು. ಹೆಗಲ ಮೇಲೆ ಹೊತ್ತು ಎರಡು ಮಹಡಿ ಇಳಿದು, ಮುನ್ನೂರು ಮೀಟರ್ ದೂರದ ಆಸ್ಪತ್ರೆಗೆ ಓಡಿದೆ. ಈ ವಯಸ್ಸಿನಲ್ಲಿ ಹಾಗೆ ಓಡುವವರು ಈ ಠಾಣೆಯಲ್ಲಿದ್ದರೆ ಮುಂದೆ ಬರಲಿ. ಇನ್ನೂ ಸ್ವಲ್ಪ ತಡವಾಗಿದ್ದರೆ ಹೆಣ ತರುತ್ತಿದ್ದಿರಿ ಎಂದು ಡಾಕ್ಟರಮ್ಮ ಬೈದರು. ಭಾವನ ಮೈಕಿನ ಕೆಲಸ ಇನ್ನು ಮುಗಿಯಿತು ಎಂದೂ ಹೇಳಿದರು.

ಹನ್ನೆರಡನೇ ತಾರೀಕು ಸೋಮವಾರ ಸಂಜೆ ನಾಲ್ಕಕ್ಕೆ ಸ್ಟುಡಿಯೋ ಮಾಲೀಕರು ಬಿಸ್ಕತ್ತಿನ ಪೊಟ್ಟಣ ಹಿಡಿದು ವಾರ್ಡಿಗೆ ಬಂದರು. ಕ್ಷಮೆ ಕೇಳಲು ಬಂದಿದ್ದಾರೆಂದು ತಿಳಿದು ಎದ್ದು ಕುರ್ಚಿ ಕೊಟ್ಟೆ. ಆ ಕುರ್ಚಿ ಕೊಟ್ಟದ್ದಕ್ಕೆ ಈಗಲೂ ಹೇಸಿಗೆಯಾಗುತ್ತದೆ. ಹೊರದೇಶದವರು ಕುಣಿದುಬಿಟ್ಟಿದ್ದಾರೆ ಸಾರ್, ಇಂಥ ಗ್ಯಾಸ್ಪ್ ಎಲ್ಲೂ ಕೇಳಿಲ್ವಂತೆ ಎಂದು ಹೇಳಿ, ಭಾವನಿಗೆ ಖುಷಿಯಾಗಲೆಂದು ಮೊಬೈಲಿನಲ್ಲಿ ಅದನ್ನು ಹಾಕಿದರು. ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದವರ ತಲೆದಿಂಬಿನ ಪಕ್ಕ ಅವರದೇ ಪ್ರಾಣ ಹೋಗುವ ಸದ್ದು. ಪಕ್ಕದ ಹಾಸಿಗೆಯವರು ಗಾಬರಿಯಾಗಿ ನರ್ಸನ್ನು ಕೂಗಿದರು. ಭಾವ ಗೋಡೆಯ ಕಡೆ ತಿರುಗಿದರು.

ಅಕ್ಕ ಹಾಲಿನ ಲೋಟ ಕೆಳಗಿಟ್ಟು, ಅದನ್ನ ಅಳಿಸಿಬಿಡಪ್ಪಾ, ಮನೇಲಿ ಮೊಮ್ಮಕ್ಕಳಿದಾವೆ, ನಾಳೆ ಟೀವೀಲಿ ಕೇಳಿಸ್ಕೊಂಡ್ರೆ ತಾತನ ದನಿ ಗೊತ್ತಾಗಲ್ವಾ ಎಂದಳು. ಅಳಿಸಲಾಗದು, ಆಗಲೇ ಕತ್ತರಿಸಿ ವೀಜ್ ಬೇರೆ, ಗ್ಯಾಸ್ಪ್ ಬೇರೆ ಮಾಡಿ ಇಟ್ಟಾಗಿದೆ, ಇನ್ನು ಯಾವ ಚಿತ್ರದಲ್ಲಿ ಯಾವ ಮುದುಕ ಸತ್ತರೂ ಉಪಯೋಗಕ್ಕೆ ಬರುತ್ತದೆ ಎಂದು ಮಾಲೀಕರು ತಿಳಿಸಿದರು. ವೇಗ ಹೆಚ್ಚಿಸಿ ಮಕ್ಕಳ ಚಿತ್ರದ ಒಂದು ನಾಯಿಗೂ ಹಾಕಿ ನೋಡಿದ್ದಾರಂತೆ. ಚೆನ್ನಾಗಿ ಕೂತಿದೆಯಂತೆ. ನಿನ್ನ ಬಾಯಲ್ಲಿ ಹುಳ ಬೀಳ ಎಂದೆ. ಅಕ್ಕ ನನ್ನ ಕಡೆ ತಿರುಗಿ, ತಮ್ಮಾ, ಊರೆಲ್ಲ ಜಂಬ ಕೊಚ್ಕೊಂಡು ತಿರುಗ್ತೀಯಲ್ಲ, ಇದೊಂದು ಮಾಡಿಸ್ಕೊಡು ಎಂದಳು.

ಈ ದಿನ ಬೆಳಿಗ್ಗೆ ಹತ್ತಕ್ಕೆ ನಾನು ಸ್ಟುಡಿಯೋಗೆ ಹೋಗಿ, ಕೆಂಪು ದೀಪ ಹಾಕಿ, ಮೈಕಿನ ಕೋಣೆಯೊಳಗೆ ಕುಳಿತೆ. ಭಾವನದು ಅಳಿಸುವವರೆಗೆ ಏಳುವುದಿಲ್ಲ ಎಂದೆ. ಬಾಗಿಲಿಗೆ ಚಿಲಕವಿಲ್ಲ, ಆದರೂ ಯಾರೂ ತೆಗೆಯಲಿಲ್ಲ. ಆ ದೀಪಕ್ಕಿರುವ ಮರ್ಯಾದೆ ಮನುಷ್ಯನ ಪ್ರಾಣಕ್ಕಿಲ್ಲ. ಹೊರಗೆ ಬನ್ನಿ ಎಂದು ಸ್ಟುಡಿಯೋದವರು ಕಿವಿಯೊಳಗೆ ಗೋಗರೆದಾಗಲೆಲ್ಲ ನಾನು ಗೊರಕೆಯಲ್ಲಿ ಉತ್ತರ ಕೊಟ್ಟೆ. ಒಂದು ಗಂಟೆ ಹೀಗೇ ಕಳೆಯಿತು. ಆಮೇಲೆ ಇಂಜಿನಿಯರ್, ಮಾವ, ಇದೂ ರೆಕಾರ್ಡ್ ಆಗ್ತಿದೆ, ತುಂಬಾ ಚೆನ್ನಾಗಿ ಬರ್ತಿದೆ, ಮುಂದುವರಿಸಿ ಎಂದನು. ಆಗ ಉಗಿದೆ. ಮಾಲೀಕರು ಕೊಟ್ಟ ದೂರಿನಲ್ಲಿ ಮೂರು ಸಲ ಎಂದಿದೆ, ಅದು ಸುಳ್ಳು. ಒಂದೇ ಸಲ, ನನ್ನ ಗುರಿ ತಪ್ಪುವುದಿಲ್ಲ.

ಭಾವನ ಉಸಿರಿನ ತುಣುಕುಗಳಿರುವ ಕಂಪ್ಯೂಟರನ್ನು ಸಾಕ್ಷಿಯೆಂದು ಜಪ್ತಿ ಮಾಡಲು ಇನ್ಸ್‌ಪೆಕ್ಟರ್ ಸಾಹೇಬರು ಒಪ್ಪಿದ್ದಾರೆ. ಪಂಚನಾಮೆಗೆ ವಸ್ತುವಿನ ವಿವರ ಬೇಕೆಂದು ರೈಟರ್ ಕೇಳಿದಾಗ ಮಾಲೀಕರು, ವೀಜ್ ನಾಲ್ಕು, ಗ್ಯಾಸ್ಪ್ ಏಳು ಎಂದು ಬರೆಸಿದ್ದಾರೆ. ಇದಕ್ಕೆ ನನ್ನ ತಕರಾರಿದೆ. ಅವು ವೀಜೂ ಅಲ್ಲ, ಗ್ಯಾಸ್ಪೂ ಅಲ್ಲ. ನಮ್ಮ ಭಾವ ಬಾಗಿಲು ತೆಗೆಯಿರಿ ಎಂದು ಹನ್ನೊಂದು ಸಲ ಕೇಳಿದ್ದಾರೆ. ಹಾಗೆಂದೇ ಬರೆಯಬೇಕು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಠಾಣೆ, ರೈಟರ್ ಕೋಣೆ
ತಾರೀಕು: ಹದಿಮೂರು, ಮಂಗಳವಾರ
ಸಹಿ: ಗೊರಕೆ ಮಾವ (ಸಹಿ ಮಾತ್ರ ನನ್ನ ಸ್ವಂತ ಕೈಬರಹ)