ನಾನು ಹೊಡೆದುಹಾಕಿದ ನಾಲ್ಕು ವೃತ್ತಗಳು

ಸಭೆಯ ಅಧ್ಯಕ್ಷರಾದ ಪ್ರಾಂಶುಪಾಲರೇ, ವೇದಿಕೆಯ ಮೇಲಿನ ಗಣ್ಯರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಶಿಡ್ಲಘಟ್ಟದ ಕಡೆಯಿಂದ ಬಸ್ಸಿನಲ್ಲಿ ಬಂದಿರುವ ಅಕ್ಕಯ್ಯಮ್ಮನವರೇ, ಸಭಿಕರೇ,

ನಿವೃತ್ತಿಯ ದಿನ ಹೊಗಳಿಸಿಕೊಳ್ಳುವುದು ಸುಖ. ವಾದಿರಾಜ ಮೇಷ್ಟ್ರು ಇಪ್ಪತ್ತೊಂಬತ್ತು ವರ್ಷಗಳಲ್ಲಿ ಒಂದೂ ತಪ್ಪು ಚಿತ್ರ ಬರೆಸಿಲ್ಲ ಎಂದರು ನನಗಿಂತ ಮೊದಲು ಮಾತಾಡಿದ ನರೇಂದ್ರ ಅವರು. ಬರೆಸಿದ್ದೇನೆ. ಹೋದ ತಿಂಗಳೇ ಬರೆಸಿದ್ದೇನೆ.

ಸಾಫ್ಟ್‌ವೇರ್ ಬರೆಯುವ ಮೊದಲು ನಾವು ಸ್ಥಿತಿ ಚಿತ್ರ ಬರೆಯುತ್ತೇವೆ. ವಸ್ತುವಿನ ಒಂದೊಂದು ಸ್ಥಿತಿಗೂ ಒಂದು ವೃತ್ತ. ಒಂದರಿಂದ ಇನ್ನೊಂದಕ್ಕೆ ಒಯ್ಯುವ ಘಟನೆಗೆ ಒಂದು ಬಾಣ. ನನಗೆ ಎರಡೇ ವೃತ್ತ ಸಾಕು ಎನ್ನುತ್ತಾರೆ ನನ್ನ ಪತ್ನಿ ಪಂಕಜ: ಪಾಠ ಮಾಡುವುದು, ನಿದ್ದೆ ಮಾಡುವುದು.

ಅಕ್ಕಯ್ಯಮ್ಮನವರ ಮೊಮ್ಮಗಳು ಕವಿತ ನಮ್ಮ ಅಂತಿಮ ವರ್ಷದ ವಿದ್ಯಾರ್ಥಿನಿ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳುವಿಗೆ ಸೊಪ್ಪು ಹಾಕುವ ಹೊತ್ತನ್ನು ಫೋನು ಕೂಗಿ ಹೇಳಬೇಕು, ಅದು ಅವಳ ಪ್ರಾಜೆಕ್ಟ್. ಹುಳು ನಾಲ್ಕು ಬಾರಿ ಚರ್ಮ ಬಿಡುತ್ತದೆ. ಆಗ ಅದು ತಲೆಯೆತ್ತಿ ಅಲುಗದೆ ಮಲಗಿರುತ್ತದೆ. ಅದನ್ನು ಜ್ವರ ಎನ್ನುತ್ತಾರೆ. ಅವಳು ನಾಲ್ಕು ಜ್ವರಕ್ಕೂ ನಾಲ್ಕು ವೃತ್ತ ಬರೆದಿದ್ದಳು.

ನಾನು ಕೆಂಪು ಶಾಯಿಯಲ್ಲಿ ನಾಲ್ಕನ್ನೂ ಹೊಡೆದುಹಾಕಿದೆ. "ಮಲಗಿದ್ರೂ ಹುಳು ಹುಳುವೇ ಕಣಮ್ಮ. ಚಿತ್ರ ಚಿಕ್ಕದಾಗಿರಬೇಕು" ಎಂದೆ. ಶಿಡ್ಲಘಟ್ಟದ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದ ನಾನು ಒಮ್ಮೆಯೂ ಒಂದು ಹುಳು ಮನೆಯೊಳಗೆ ಕಾಲಿಟ್ಟಿರಲಿಲ್ಲ.

ಹೋದ ಬುಧವಾರ ಅಕ್ಕಯ್ಯಮ್ಮನವರ ಹುಳು ಮನೆಯೊಳಗೆ ಕಾಲಿಟ್ಟೆ. ಜೊತೆಗೆ ಕವಿತಳ ಪ್ರಾಜೆಕ್ಟ್ ನೋಡಲು ಬಂದ ಹೊರಗಿನ ಪರೀಕ್ಷಕರಿದ್ದರು. ಹುಳುಗಳು ಮೂರನೆಯ ಜ್ವರದಲ್ಲಿದ್ದವು. ಹನ್ನೊಂದು ಗಂಟೆಗೆ ಸರಿಯಾಗಿ ಫೋನು ಕೂಗಿತು: ಸೊಪ್ಪು ಹಾಕಿ, ಸೊಪ್ಪು ಹಾಕಿ.

ಅಕ್ಕಯ್ಯಮ್ಮ ಹುಳುವಿನ ತಟ್ಟೆಗಳಿಗೆ ಅಡ್ಡ ನಿಂತು ಮೊಮ್ಮಗಳಿಗೆ ಹೇಳಿದರು: "ಅದು ಬಡ್ಕಂಡ್ರೆ ಬಡ್ಕಳ್ಳಿ ಬಿಡೇ. ಜ್ವರದಾಗಿರೋ ಹುಳಕ್ಕೆ ಸೊಪ್ಪು ಹಾಕ್ತಾರಾ? ನಿಮ್ ಮೇಷ್ಟ್ರು ಮಲ್ಗಿರೋವಾಗ ಬಾಯಿಗೆ ಮುದ್ದೆ ತುರುಕ್ತೀಯೇನೇ?"

ಗಂಟೆ ಅದೇ, ಹುಳು ಅದೇ. ನಡತೆ ಮಾತ್ರ ಬೇರೆ. ಸ್ಥಿತಿ ಎಂದರೆ ಇದೇ ಅಲ್ಲವೇ? ನಾನು ಪಾಠ ಮಾಡಿದ್ದೂ ಇದನ್ನೇ ಅಲ್ಲವೇ?

ಪರೀಕ್ಷಕರು ಕೇಳಿದರು: "ಇಷ್ಟೂ ಗೊತ್ತಾಗ್ಲಿಲ್ವೇನಮ್ಮ ನಿಂಗೆ?" ಕವಿತ ನನ್ನ ಮುಖ ನೋಡಿದಳು. ನಾನು ಕನ್ನಡಕ ಒರೆಸಿಕೊಂಡೆ. ಒರೆಸಿಕೊಳ್ಳುತ್ತಲೇ ಇದ್ದೆ. ಅವಳು ತಲೆ ತಗ್ಗಿಸಿದಳು, ಅವರು ಫೇಲ್ ಎಂದು ಬರೆದರು. ಅವಳ ಒಂದು ವರ್ಷ ಹೋಗುತ್ತದೆ.

ಇಂದು ಬೆಳಿಗ್ಗೆ ನನ್ನ ಕೆಂಪು ಗೆರೆಗಳಿರುವ ಆ ಹಾಳೆಯನ್ನೂ ಒಂದು ಪತ್ರವನ್ನೂ ಪ್ರಾಂಶುಪಾಲರಿಗೆ ಕೊಟ್ಟು, ಮರುಪರೀಕ್ಷೆ ಕೇಳಿದ್ದೇನೆ. "ಬೀಳ್ಕೊಡುಗೆ ದಿನ ಇದೆಲ್ಲ ಯಾಕೆ ಸಾರ್?" ಎಂದರು. ನಾಳೆ ನಾನು ಇಲ್ಲಿ ಮೇಷ್ಟ್ರಾಗಿರುವುದಿಲ್ಲ, ಅದಕ್ಕೇ ಸಾರ್.

ಕವಿತ, ತಪ್ಪು ನನ್ನದು. ಮರುಪರೀಕ್ಷೆಯಾದರೆ ನಾನೂ ಬರುತ್ತೇನಮ್ಮ. ಆ ಪ್ರಶ್ನೆಯನ್ನು ಮತ್ತೆ ಕೇಳಿದರೆ ನೀನು ನನ್ನ ಮುಖ ನೋಡಬೇಕಾಗಿಲ್ಲ; ಅಷ್ಟರೊಳಗೆ ನಾನೇ ಉತ್ತರ ಹೇಳಿರುತ್ತೇನೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.