ಕೈಯಾಗ ತುರುಕುವ ಕೀಲಿ

ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕಮಳಾಬಾಯಿ ಮತ್ತು ಅವರ ಸೊಸೆ ಆಮ್ರಪಾಲಿ ಕೂತಿದ್ದರು.

“ಟ್ರ್ಯಾಕ್ಟರ್ ಪಲ್ಟಿ ಆದಾಗಿಂದ ನನ್ನ ಮೈ ನಡುಗತದ. ಅದು ಫಿಟ್ಸ್ ಅಲ್ರಿ, ಅತ್ತಿ!”

“ಮತ್ತೇನು?”

“ಮೈಯಾಗ ಕುಂತ ಅಂಜಿಕಿ, ಅಂದ್ರು ಕೌನ್ಸೆಲಿಂಗ್ ಮೇಡಂ. ಪಾದ ನೆಲಕ್ಕ ಊರಿ ನಡುಗಾಕ ಬಿಡಬೇಕಂತ. ನೀವು ಫಿಟ್ಸ್ ಅಂತ ನಾಕ ಮಂದಿ ಹಿಡದು ಕೈಯಾಗ ಕಬ್ಬಿಣದ ಕೀಲಿ ತುರುಕತೀರಿ!”

“ನಿನ್ನ ಸಲುವಾಗೇ ಅಲ್ಲೇನು?”

“ಟ್ರಾಲಿ ಕೆಳಗೂ ಹಾಂಗೇ ಸಿಕ್ಕೊಂಡಿದ್ದೆ, ಅಲುಗಾಡಾಕ ಬರಲಿಲ್ಲ. ನೀವು ಹಿಡದ್ರ ಮತ್ತ ಅಲ್ಲೇ ಹೋಗತೀನಿ!”



ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. ಆಮ್ರಪಾಲಿ ಚಪ್ಪಲಿ ಬಿಟ್ಟು ಪಾದ ಊರಿದಳು; ಮೈ ನಡುಗತೊಡಗಿತು. ಯಾರೋ ಬೈಕಿನ ಕೀಲಿ ಹಿಡಿದು ಓಡಿಬಂದ.

“ಕೀಲಿ ಕಿಸೇದಾಗ ಇಟ್ಕೋ! ಯಾರೂ ಮುಟ್ಟಬ್ಯಾಡ್ರಿ!” ಕಮಳಾಬಾಯಿ ಅಡ್ಡ ನಿಂತರು.

ಬಸವಕಲ್ಯಾಣದ ಬಸ್ಸಿನ ಕಂಡಕ್ಟರ್ ಸೀಟಿ ಊದಿದ.

“ನಿಂದರ್ರಿ! ಆಕಿ ನಡುಗೂದು ಮುಗೀಲಿ.” ಕಮಳಾಬಾಯಿ ಅವನತ್ತ ಕೈ ಮಾಡಿದರು.

ಮುಗಿದ ಮೇಲೇ ಇಬ್ಬರೂ ಹತ್ತಿದರು.